ರಮ್ಮಿನ ಸ್ಥಾನದಲ್ಲಿ ಅಕ್ಷತೆ

ನಾಲ್ಕು ಕಾಲಿದ್ದು ನೆತ್ತಿ ಚಪ್ಪಟೆಯಾಗಿರುವುದೆಲ್ಲವೂ ಕಾಫಿ ಲೋಟವನ್ನು ಹೊರಲೆಂದೇ ಹುಟ್ಟಿದ್ದಲ್ಲ, ಗೆಳೆಯರೇ. ಈ ಪರಮಸತ್ಯ ನನಗೆ ಗೋಚರಿಸಿದ್ದು ತೊಂಬತ್ತರ ದಶಕದ ಒಂದು ಜನವರಿಯ ಶುಕ್ರವಾರ, ಕತಾರಿನ ದೋಹಾದ ಮದೀನತ್ ಖಲೀಫಾ ಬಡಾವಣೆಯಲ್ಲಿ, ನಮ್ಮ ಪಕ್ಕದ ಮನೆಯ ವರಾಂಡದಲ್ಲಿ. ಲೋಟವಿಟ್ಟೊಡನೆ ಆ ಸ್ಟೂಲು 'ಧುಂ' ಎಂದು ಗದರಿತು.

"ಅಯ್ಯೋ, ಅದು ಗುಂಬೆ! ನಮ್ಮಜ್ಜಿಯ ಡ್ರಮ್ಮು!" ಎಂದು ಮನೆಯೊಡತಿ ವರ್ನಾ ಇಂಗ್ಲಿಷಿನಲ್ಲಿ ಕೂಗಿ, ಹೊಟ್ಟೆ ಹಿಡಿದು ನಕ್ಕರು. ಜಮೈಕಾದಿಂದ ಬಂದು ಇಲ್ಲಿನ ಶಾಲೆಯೊಂದರಲ್ಲಿ ಕಲಿಸುತ್ತಿದ್ದ ಅವರು ಮರೂನ್ ಕುಲದವರು. ಕಬ್ಬಿನ ತೋಟಗಳ ಗುಲಾಮಗಿರಿಯಿಂದ ತಪ್ಪಿಸಿಕೊಂಡು, ಬೆಟ್ಟ ಹತ್ತಿ, ತಮ್ಮದೇ ಊರು ಕಟ್ಟಿಕೊಂಡ ಆಫ್ರಿಕನ್ನರ ಸಂತತಿ. ಅಂದು ಅವರೂರಿನ ವಾರ್ಷಿಕ ಹಬ್ಬದ ದಿನ. ಎಲ್ಲಿದ್ದರೂ ಅಂದು ಗುಂಬೆ ನುಡಿಸಿ ಗತಿಸಿದ ಹಿರಿಯರನ್ನು ಕರೆಯುತ್ತೇನೆಂದು ಅವರು ಅಜ್ಜಿಗೆ ಮಾತು ಕೊಟ್ಟಿದ್ದರು. ಆದರೆ ನುಡಿಸುವ ಮುನ್ನ ಹಿರಿಯರಿಗೆ ರಮ್ ಚಿಮುಕಿಸಬೇಕು, ಮದ್ಯ ಸಲೀಸಾಗಿ ಸಿಗದ ಈ ನಾಡಿನಲ್ಲಿ ರಮ್ ಎಲ್ಲಿದೆ?

ನಮ್ಮ ಮನೆಗೆಂದು ಅಕ್ಕಿ ಮೂಟೆ ತಂದು, ನಮ್ಮನ್ನು ಹುಡುಕಿಕೊಂಡು ಆ ವರಾಂಡಕ್ಕೇ ಬಂದಿದ್ದ ದಿನಸಿ ಅಂಗಡಿಯ ಉಳ್ಳಾಲದ ಹಮೀದಾಕ ಕೈಯೆತ್ತಿಬಿಟ್ಟರು. "ರಮ್ಮಾ? ಮಾಫಿ, ಖಲಾಸ್! ಇಲ್ವೇ ಇಲ್ಲ! ನನ್ನ ಅಂಗಡಿಯಲ್ಲಿ ತಲೆಗೇರುವಂಥದ್ದು ಅಂದ್ರೆ ಜೀರಿಗೆ ಸೋಡಾ ಒಂದೇ ಮಾರಾಯ್ರೆ!"

ಕಾಲೇಜಿನ ಚರ್ಚಾಕೂಟಗಳಲ್ಲಿ 'ಅರ್ಥವರಿಯದ ಆಚಾರ ತ್ಯಾಜ್ಯ' ಎಂಬ ಪಕ್ಷವನ್ನು ಮಂಡಿಸಿ ಪಳಗಿದ್ದ ನಾನು ಸುಮ್ಮನಿರಲುಂಟೆ? ಸಂಗೀತವೇ ಸಾರ, ರಮ್ ಕೇವಲ ಸಿಪ್ಪೆ, ಸಿಪ್ಪೆಯನ್ನು ಸುಲಿದೆಸೆಯುವುದೇ ಸುಧಾರಣೆ ಎಂದು ಸೋದಾಹರಣವಾಗಿ ಪ್ರತಿಪಾದಿಸಿದೆ. ವರ್ನಾ ಗುಂಬೆಯನ್ನು ಸೆರಗಿನಂಥ ಬಟ್ಟೆಯಿಂದ ಮುಚ್ಚತೊಡಗಿದರು. "ನೆಂಟರನ್ನು ಕರೆದು ಒಂದು ಲೋಟ ನೀರೂ ಕೊಡದೆ ಕೂರಿಸುವುದೇ? ಈ ವರ್ಷ ಬೇಡ ಬಿಡಿ." ಅವರ ನಗು ಆರಿಹೋಗಿತ್ತು.

ಆಗ ನನ್ನ ಹೆಂಡತಿ ಶಾರದೆ ಅಡ್ಡಬಂದಳು. "ಏನ್ರೀ, ಪೂಜೇಲಿ ಬಂಗಾರದ ಹೂವು ಇಲ್ದಿದ್ರೆ ಪುರೋಹಿತರು ಪೂಜೆ ನಿಲ್ಲಿಸ್ತಾರಾ? ಅದರ ಬದಲು ಅಕ್ಷತೆ ಹಾಕಿ ಅಂತಾರೆ. ನಿಮ್ಮ ಭಾಷಣದ ಬದಲಿಗೂ ಅದನ್ನೇ ಹಾಕೋಣ, ಸುಮ್ನಿರಿ!"

ನಾನು ತರ್ಜುಮೆ ಮಾಡಿದೆ, ಭಾಷಣದ ಭಾಗವೊಂದನ್ನು ಬಿಟ್ಟು. ವರ್ನಾ ಹಮೀದಾಕರ ಮೂಟೆಯತ್ತ ನೋಡಿ, "ಅಕ್ಕಿಗೆ ಉಪ್ಪು ಬೆರೆಸಿಲ್ಲ ತಾನೇ? ನಮ್ಮ ಹಿರಿಯರಿಗೆ ಉಪ್ಪಾಗದು," ಎಂದರು. ಇಲ್ಲವೆಂದೆವು. ಶಾರದೆ ಅರಿಸಿನ ಕಲಸಿ ತಂದಳು. ಹಿಡಿ ಅಕ್ಕಿ ಗುಂಬೆಯ ಮೇಲೆ ಬಿದ್ದು, ಮೊದಲ ಪೆಟ್ಟಿಗೇ ಮಲ್ಲಿಗೆಮೊಗ್ಗಿನಂತೆ ಎಗರಿ ಕುಣಿಯಿತು!

ಆ ನಾದವನ್ನು ಹೇಗೆ ಹೇಳಲಿ? ಎದೆಗೂಡಿನೊಳಗೆ ಯಾರೋ ಬಾಗಿಲು ಬಡಿದು, ಉತ್ತರಕ್ಕೂ ಕಾಯದೆ ಒಳನುಗ್ಗಿ, ನಮ್ಮ ಕಾಲುಗಳನ್ನೇ ಕಡ ಕೇಳಿದಂತಿತ್ತು. ಹಮೀದಾಕರ ಚಪ್ಪಲಿ ತಾಳ ಹಿಡಿಯಿತು. ನನ್ನ ತರ್ಕವೂ ತೂರಾಡಿತು. ಸಂಕೋಲೆಯಲ್ಲಿ ಕಡಲು ದಾಟಿದವರು ಡೋಲು ಹೊತ್ತು ತಂದಿರಲಾರರು. ಅಂಗೈಯ ನೆನಪನ್ನಷ್ಟೇ ತಂದರು. ಆಫ್ರಿಕದ ಮರದ ಸ್ಥಾನದಲ್ಲಿ ಜಮೈಕಾ ದ್ವೀಪದ ಮರ, ಆಫ್ರಿಕದ ತೊಗಲಿನ ಸ್ಥಾನದಲ್ಲಿ ದ್ವೀಪದ ಮೇಕೆಯ ತೊಗಲು. ನಮ್ಮ ಯಲ್ಲಾಪುರದ ಕಾಡು ಸೇರಿದ ಆಫ್ರಿಕ ಮೂಲದ ಸಿದ್ದಿಯರೂ ತಮ್ಮ ಡಮಾಮಿ ಡೋಲನ್ನು ಹೀಗೆಯೇ ಉಳಿಸಿಕೊಂಡಿರಬೇಕು. ಬೇರು ಎಂಬುದು ಹೂತಲ್ಲೇ ಕೂರುವಂಥದ್ದೆಂದು ತಿಳಿದಿದ್ದೆ. ಅದು ನಡೆಯುತ್ತದೆ ಸ್ವಾಮಿ, ಹೋದಲ್ಲೆಲ್ಲ ಸಿಕ್ಕಿದ್ದನ್ನು ಅಕ್ಷತೆ ಮಾಡಿಕೊಂಡು ನಡೆಯುತ್ತದೆ! ಸಿಪ್ಪೆ ಸುಲಿದು ಸಾರ ಹುಡುಕುವ ನಾನು, ಕರೆಯುವ ಮರ್ಯಾದೆಯೇ ಸಾರವಾಗಿರಬಹುದೆಂದು ಎಣಿಸಿಯೇ ಇರಲಿಲ್ಲ.

ವರ್ನಾ ಹಾಡಿನ ನಡುವೆ ಇಂಗ್ಲಿಷಲ್ಲದ ಮಾತುಗಳನ್ನು ಉಚ್ಚರಿಸಿದರು. ಅರ್ಥವೇನೆಂದೆ. "ನನಗೆ ಗೊತ್ತಿಲ್ಲ. ಕರೆಸಿಕೊಂಡವರಿಗೆ ಗೊತ್ತು," ಎಂದರು. ಶಾರದೆ ನನ್ನತ್ತ ತಿರುಗಿ, "ಅರ್ಥವರಿಯದ ಆಚಾರ, ಅಲ್ವೇನ್ರೀ?" ಎಂದು ಹುಬ್ಬೇರಿಸಿದಳು.

ಬಡಿತ ನಿಂತಾಗ ಹಮೀದಾಕ ಬೆವರೊರೆಸಿಕೊಳ್ಳುತ್ತ, "ಕೇಳಿ ಮಾರಾಯ್ರೆ, ಅವರ ಅಜ್ಜಂದಿರಿಗೆ ನಮ್ಮ ಅಕ್ಕಿ ಸಾಕಾಯ್ತಂತಾ?" ಎಂದರು. ಕೇಳಿದೆ. ವರ್ನಾ ಕಿವಿಗೆ ಕೈಯಿಟ್ಟು ದೂರದಿಂದೇನೋ ಆಲಿಸುವಂತೆ ನಟಿಸಿ, "ಸಾಲದಂತೆ! ಇನ್ನೊಮ್ಮೆ ಕರೆಯಬೇಕಂತೆ!" ಎಂದರು.

ಶಾರದೆ ಏಳುವ ಮೊದಲೇ ಅಕ್ಷತೆಯ ತಟ್ಟೆ ಹಿಡಿದು ನಿಂತವನು ನಾನು.