ನಾಲ್ಕು ಬದಾಮಿನ ಕೈ

ನನ್ನ ಮಗಳಿಗೆ ಮಗಳು ಹುಟ್ಟಿದಾಗ ನನಗಾದ ಹಿಗ್ಗನ್ನು ಬರೆಯಲು ಕೂತರೆ ಹಾಳೆ ಸಾಲುವುದಿಲ್ಲ. ಸಿಂದಗಿಯ ನಮ್ಮ ಓಣಿಗೆಲ್ಲ ನಾನೇ ಸಕ್ಕರೆ ಹಂಚಿದೆ. ಕೆಲವರ ಮನೆಗೆ ಎರಡು ಸಲ ಹೋದೆನಂತೆ. ಆದರೆ ಕೂಸು ದಿನ ತುಂಬುವ ಮೊದಲೇ ಬಂದಿತ್ತು. ಅದರ ಅಳು ಬೆಕ್ಕಿನ ಮರಿಯ ದನಿಯಷ್ಟೇ. "ಥಂಡಿ ಮುಗಿಯೂತನಕ ಎಲ್ಲಿಗೂ ಒಯ್ಯಬ್ಯಾಡ್ರಿ, ಬೆಚ್ಚಗ ಇಡ್ರಿ" ಎಂದಿದ್ದರು ಡಾಕ್ಟರು. ಕೂಸನ್ನು ಎದೆಗವಚಿಕೊಂಡರೆ ಸಂತೋಷದ ಜೊತೆಗೇ ಹೆದರಿಕೆಯೂ ಬಂದು ಕೂರುತ್ತಿತ್ತು.

ತೊಟ್ಟಿಲ ಕಾರ್ಯಕ್ಕೆ ಮುದ್ದೇಬಿಹಾಳದಿಂದ ಬೀಗರು ಬಂದರು. ಊಟವಾದ ಮೇಲೆ ಹೆಂಗಸರು ಪಡಸಾಲೆಯಲ್ಲಿ ಇಸ್ಪೀಟು ಹಾಕಿದೆವು. ಮಿಲಿಟರಿಯಲ್ಲಿದ್ದ ನನ್ನ ತಮ್ಮ ರಜೆಗೆ ಬಂದಾಗ ಕಲಿಸಿದ ಐದೆಲೆಯಾಟ ಅದು. ಎಲ್ಲರಿಗೂ ಸಮನಾಗಿ ಹುಣಸೆ ಬೀಜ ಹಂಚಬೇಕು, ಐದೈದು ಎಲೆ ಹಾಕಬೇಕು. ಬೀಜ ಒತ್ತೆಯಿಟ್ಟು, ಬೇಡವಾದ ಎಲೆ ಬದಲಿಸಿ, ಕೊನೆಗೆ ಕೈ ತೋರಿಸಬೇಕು; ಬಿಡಿ ಎಲೆಗಿಂತ ಜೋಡಿ ದೊಡ್ಡದು, ಜೋಡಿಗಿಂತ ಒಂದೇ ಜಾತಿಯ ಐದೆಲೆ ದೊಡ್ಡದು. ಬೀಜ ತೀರಿದವರು ಏಳಬೇಕು. ಒಬ್ಬರೇ ಉಳಿಯುವ ತನಕ ಆಟ. ಮಗಳ ಮದುವೆಯಲ್ಲಿ ಬೀಗಿತ್ತಿಗೆ ಇದನ್ನು ಕಲಿಸಿದವಳೂ ನಾನೇ.

"ಬರೇ ಬೀಜಕ್ಕ ಆಡೂದೇನ್ರಿ ಬೀಗಿತ್ತಿ?" ಎಂದು ಮಗಳ ಅತ್ತೆ ಕೆಣಕಿದರು. "ನಾ ಗೆದ್ದರ ಸೊಸಿ, ಮೊಮ್ಮಗಳನ್ನ ನಾಳೆನ ಕರಕೊಂಡು ಹೋಗ್ತೇನಿ. ನೀವು ಗೆದ್ದರ ಸಂಕ್ರಾಂತಿ ಆಗೂತನ ಇಲ್ಲೇ ಇರ್ಲಿ."

ನಾನು ನಕ್ಕು ಸುಮ್ಮನಾಗುತ್ತಿದ್ದೆ. ಆದರೆ ಕಟ್ಟೆಯ ಮೇಲೆ ಬೀಗರ ಜೊತೆ ಎಲೆಯಡಿಕೆ ಹಾಕುತ್ತಿದ್ದ ನಮ್ಮ ಯಜಮಾನರು, "ಆಗವಲ್ದ್ಯಾಕ, ಆಗ್ಲಿ! ನಮ್ಮಾಕಿ ಸೋತದ್ದು ನಾ ನೋಡಿಲ್ಲ" ಅಂದುಬಿಟ್ಟರು. ನಾಲ್ಕು ಮಂದಿ ಬೀಗರ ಎದುರು ಆಡಿದ ಮಾತು. ಹಿಂದೆ ತೆಗೆದುಕೊಂಡರೆ ತೊಟ್ಟಿಲ ದಿನವೇ ಎರಡು ಮನೆಗಳಿಗೂ ಮುನಿಸು.

ಒಳಕೋಣೆಯಿಂದ ಮಗಳ ದನಿ ಬಂತು. "ನನ್ನ ಒಂದ್ ಮಾತು ಯಾರರ ಕೇಳಿದ್ರೇನು? ನಾವೇನು ಹುಣಸಿಬೀಜ ಏನವ್ವಾ?" ನಾನು ಎಲೆ ಕಲೆಸಿ ಹಂಚಿದೆ.

ಬೀಜ ತೀರಿ ನನ್ನ ನಾದಿನಿ ಎದ್ದಳು, ಪಕ್ಕದ ಮನೆಯವಳೂ ಎದ್ದಳು. ಉಳಿದವರು ನಾವಿಬ್ಬರು ಅಜ್ಜಿಯರು. ಅಂದು ನನ್ನ ಕೈ ನನ್ನದಾಗಿರಲಿಲ್ಲ. ಒಳ್ಳೆಯ ಎಲೆ ಬಂದರೂ ಒಂದೊಂದೇ ಬೀಜ ಇಡುವುದು, ಅವರು ಏರಿಸಿದರೆ ಕೈ ಬಿಡುವುದು. ಹೀಗೆ ಅಂಜುತ್ತಲೇ ನನ್ನ ರಾಶಿ ಕರಗಿತು.

ಆಗ ಬಂತು ಆ ಕೈ. ಎಕ್ಕಾ, ರಾಣಿ, ಎರಡು ಸಣ್ಣವು. ನಾಲ್ಕೂ ಹೃದಯದ ಗುರುತಿನ ಕೆಂಪು ಬದಾಮು. ಐದನೆಯದೊಂದು ಮಾತ್ರ ಕರಿ ಎಲೆ. ಅದನ್ನು ಬಿಟ್ಟು ಇನ್ನೊಂದು ಬದಾಮು ಎತ್ತಿದರೆ ನನ್ನನ್ನು ಹಿಡಿಯುವವರಿಲ್ಲ. ತಮ್ಮ ಹೇಳುತ್ತಿದ್ದ: "ಅಕ್ಕಾ, ನಾಕು ಕೂಡಿದಾಗ ಐದನೇದಕ್ಕ ಕಾಯಬ್ಯಾಡ. ಎಲಿ ಬದಲಿಸೂಕಿಂತ ಮೊದಲ ಜೋರ್ ಹೊಡಿ. ಎದುರಿನವರು ಹೆದರಿ ಬಿಟ್ಟರ ಅಲ್ಲೇ ಗೆದ್ದಿ. ಬಿಡಲಿಲ್ಲಂದ್ರ ಎಲಿ ಬಂದರೂ ಬಂತು. ಎರಡು ಬಾಗಲಾ ತೆರದಿರ್ತಾವ. ಖರೆ, ಅವರು ಹೆದರೂವಷ್ಟು ಬೀಜ ನಿನ್ನ ಕಡೆ ಇರಬೇಕು."

ಇದ್ದ ಬೀಜವನ್ನೆಲ್ಲ ನಡುವಿಗೆ ನೂಕಿದೆ. ಬೀಗಿತ್ತಿ ಅದನ್ನು ನೋಡಿದರು, ತಮ್ಮ ರಾಶಿಯನ್ನು ನೋಡಿದರು.

"ಇಷ್ಟಽ ಏನ್ರಿ? ಇಷ್ಟು ಹೋದ್ರ ನನಗೇನೂ ಆಗೂದಿಲ್ಲ. ನಡೀರಿ, ಎಲಿ ತಗೀರಿ."

ಮೊದಲ ಬಾಗಿಲು ಮುಚ್ಚಿತು. ಅದನ್ನು ಮುಚ್ಚಿದ್ದು ಅವರಲ್ಲ, ಒಂದೊಂದೇ ಬೀಜ ಇಟ್ಟು ರಾಶಿ ಕರಗಿಸಿದ ನನ್ನ ಅಂಜಿಕೆ. ಕರಿ ಎಲೆ ಬಿಟ್ಟು ಹೊಸದೊಂದನ್ನು ಎತ್ತಿದೆ. ಅಂಚಿನಲ್ಲಿ ಕೆಂಪು ಕಂಡಿತು. ಪೂರ್ತಿ ತಿರುಗಿಸಿದರೆ ಬದಾಮಲ್ಲ, ಕೆಂಪಿನದೇ ಇನ್ನೊಂದು ಜಾತಿ, ಚೌಕಟ. ಅವರ ಕೈಯಲ್ಲಿ ಜೋಡಿ ರಾಜಾ ಇದ್ದವು.

ಗೆದ್ದ ನಗು ಬೀಗಿತ್ತಿಯ ಮುಖದ ಮೇಲೆ ಬಹಳ ಹೊತ್ತು ನಿಲ್ಲಲಿಲ್ಲ. "ನಮ್ಮತ್ತಿ ಹಾಸಗಿ ಹಿಡದಾರ್ರಿ. ಕೂಸಿನ ಮಾರಿ ತೋರಸು ಅಂತ ದಿನಾ ಅಳ್ತಾರ. ಅದಕ್ಕ ಬಾಯಿ ಬಿಟ್ಟೆ" ಎಂದರು.

"ಕರಕೊಂಡು ಹೋಗ್ರಿ" ಅಂದೆ. "ಖರೆ, ನಾನೂ ಬರಾಕಿ. ಥಂಡಿ ಮುಗಿಯೂತನ ಅಲ್ಲೇ ಇರಾಕಿ."

ಪಡಸಾಲೆಯಲ್ಲಿ ಗುಜುಗುಜು ಎದ್ದಿತು. ಮಗಳನ್ನು ಕೊಟ್ಟ ಮನೆಯಲ್ಲಿ ತಾಯಿ ಬಿಡಾರ ಹೂಡುವುದು ನಮ್ಮಲ್ಲಿಲ್ಲ. ಯಜಮಾನರು ಒಳಗೆ ಬಂದು, "ಮಂದಿ ಏನಂತಾರ?" ಅಂದರು.

"ಆಗವಲ್ದ್ಯಾಕ ಅಂದವರು ನೀವ. ಮಂದೀನೂ ನೀವ ಸಂಭಾಳಸ್ರಿ."

ಮರುದಿನ ಬಿಸಿಲೇರಿದ ಮೇಲೆ ಜೀಪು ಹೊರಟಿತು. ಪಕ್ಕದಲ್ಲಿ ಮಗಳು ಮುಖ ತಿರುಗಿಸಿ ಕೂತಿದ್ದಳು. ಎಷ್ಟು ಬಟ್ಟೆ ತುರುಕಿದರೂ ಸಂದಿಯಿಂದ ಗಾಳಿ ನುಗ್ಗುತ್ತಿತ್ತು. ದಾರಿಯುದ್ದಕ್ಕೂ ಕೂಸಿನ ಮೂಗಿನ ಕೆಳಗೆ ಬೆರಳು ಹಿಡಿದೇ ಇದ್ದೆ. ಬಾಗೇವಾಡಿ ದಾಟಿದ ಮೇಲೆ ಒಮ್ಮೆ ಉಸಿರು ತಾಗದಂತಾಗಿ, "ನಿಲ್ಲಸ್ರಿ!" ಎಂದು ಕೂಗಿಬಿಟ್ಟೆ. ಜೀಪು ನಿಂತಿತು. ಕೂಸು ಮುಖ ಕಿವುಚಿ ಸೀನಿತು. ಬೀಗಿತ್ತಿ ತಮ್ಮ ಶಾಲು ತೆಗೆದು ಸುತ್ತಿದರು.

"ನಂದ ತಪ್ಪಾತೇನ್ರಿ?" ಅಂದರು. ನಾನು ಶಾಲಿನ ಅಂಚನ್ನು ಕೂಸಿನ ಕಿವಿಯ ತನಕ ಎಳೆದೆ.

ಮುದ್ದೇಬಿಹಾಳದ ಆ ಮನೆಯಲ್ಲಿ ಹಾಸಿಗೆ ಹಿಡಿದಿದ್ದ ಮುದುಕಿಯ ಮಗ್ಗುಲಿಗೆ ಕೂಸನ್ನು ಮಲಗಿಸಿದೆ. ಅವರು ತಣ್ಣನೆಯ ಬೆರಳಿನಿಂದ ಕೆನ್ನೆ ಮುಟ್ಟಿದ್ದೇ ತಡ, ಕೂಸು ಎರಡೂ ಮುಷ್ಟಿ ಬಿಗಿದು ಬಾಯಿ ತೆರೆಯಿತು. ಹುಟ್ಟಿದಾಗಿನಿಂದ ಅಷ್ಟು ಜೋರಾಗಿ ಅತ್ತಿರಲಿಲ್ಲ. ಓಣಿಯವರು ಬಾಗಿಲಿಗೆ ಬಂದು ಇಣುಕಿದರು. ನನಗೆ ಸುಮ್ಮನಾಗಿಸುವ ಮನಸ್ಸೇ ಬರಲಿಲ್ಲ. "ಅಳು ನನ್ನವ್ವಾ, ಇನ್ನಷ್ಟು ಅಳು" ಎನ್ನುತ್ತ ನಿಂತೆ.