ರೊಟ್ಟಿಹಿಟ್ಟಿನ ಪ್ಯಾಡುಗಳು

ವಿದನ್‌ಶಾ ಎಂಬ ಇಂಗ್ಲಿಷರ ಊರಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಧಾರವಾಡದ ಡಾಕ್ಟರಮ್ಮ ಐಸ್ ಹಾಕಿ ತಂಡವೊಂದರ ಗೋಲ್‌ಕೀಪರ್. ಅಳತೆ ಕೊಟ್ಟು ಮಾಡಿಸಿದ ಕಾಲಿನ ಪ್ಯಾಡುಗಳು ಹಲಗೆಯಂತೆ ಬಿರುಸಾಗಿದ್ದವು. ಅವನ್ನು ಪಳಗಿಸಲು ಆಕೆ ಕಟ್ಟಿಕೊಂಡೇ ಅಡುಗೆಮನೆಯ ನೆಲದ ಮೇಲೆ ಮಂಡಿಯೂರಿ ದಿನಾ ಜೋಳದ ರೊಟ್ಟಿ ಬಡಿಯುತ್ತಿದ್ದರು.

"ಶನಿವಾರನೇ ಮ್ಯಾಚು. ಅಷ್ಟರಲ್ಲಿ ಬಗ್ಗುತ್ತಾ?" ಎಂದೆ.

"ತಡೀರಿ ಅಕ್ಕಾರ, ಹಳೇದಾಗ್ಲಿ."

ಹೊಸ ಚಪ್ಪಲಿ ಕಚ್ಚಿದರೂ, ಹೊಸ ಊರು ಒಗ್ಗದಿದ್ದರೂ ಆಕೆಯದು ಅದೇ ಮಾತು.

ಶನಿವಾರ ಕೊನೆಯ ನಿಮಿಷದಲ್ಲಿ ರಬ್ಬರ್ ಬಿಲ್ಲೆ ಗೋಲಿನತ್ತ ನುಗ್ಗಿತು. ಆಕೆ ಥಟ್ಟನೆ ಮಂಡಿಯೂರಿ ತಡೆದರು. ಪ್ಯಾಡಿನಿಂದ ಬಿಳಿ ಹಿಟ್ಟು ಹಾರಿತು. ಎಲ್ಲರೂ ಕೂಗಿದರು, ನನಗೆ ಹಸಿವಾಯಿತು.

ಈಗ ಆ ಮನೆಯಲ್ಲಿ ಬೇರೆಯವರಿದ್ದಾರೆ. ಗೋಡೆಯಾಚೆ ರೊಟ್ಟಿ ಬಡಿಯುವ ಸದ್ದಿಲ್ಲ. ಈ ಮೌನವೂ ಹಳೆಯದಾಗಲಿ ಎಂದು ಕಾಯುತ್ತಿದ್ದೇನೆ. ಇನ್ನೂ ಬಿರುಸಾಗಿಯೇ ಇದೆ.