ಉಪ್ಪುಗಾಳಿಯಲ್ಲ, ನಾಲ್ಕು ಅಕ್ಷರ

ಕಡಲ ದಡದ ಮರವಂತೆಯಿಂದ ಯಾವ ಯಂತ್ರ ಕೆಟ್ಟು ಬಂದರೂ ನಮ್ಮ ಸೋದರಮಾವನ ಬಾಯಲ್ಲಿ ಒಂದೇ ಮಾತು: ಉಪ್ಪುಗಾಳಿ. ಟಿ.ವಿ. ಕೆಟ್ಟರೂ ಉಪ್ಪುಗಾಳಿ, ಮಿಕ್ಸಿ ಸುಟ್ಟರೂ ಉಪ್ಪುಗಾಳಿ. ಹೆಚ್ಚಿನ ಸಲ ಅದು ನಿಜವೂ ಆಗಿರುತ್ತಿತ್ತು, ಅದಕ್ಕೇ ಅವರಿಗೆ ಅಷ್ಟು ಸೊಕ್ಕು.

ಕುಂದಾಪುರದಲ್ಲಿ ಅವರದು ರಿಪೇರಿ ಅಂಗಡಿ. ಎರಡು ಸಾವಿರದ ಇಸವಿಯ ಆಚೀಚೆ ನಾನು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ ಅಲ್ಲಿ ಸೇರಿದೆ. ಸಿಕ್ಕಿದ್ದು ಬಿಲ್ ಬರೆಯುವ ಕೆಲಸ. ರಿಪೇರಿ ಮೇಜಿನ ಹತ್ತಿರ ಮಾವ ಕೂರಲು ಬಿಡುತ್ತಿರಲಿಲ್ಲ.

"ಹೆಣ್ ಮಕ್ಕಳ ಕೈಯಗೆ ಯಾರ್ ಸೆಟ್ ಕೊಡ್ತ್ರ್ ಹೆಣೆ?" ಎನ್ನುತ್ತಿದ್ದರು.

ನನಗೆ ಮೈಯೆಲ್ಲ ಉರಿಯುತ್ತಿತ್ತು. ಆ ಮಳೆಗಾಲ ಮುಗಿಯುವುದರೊಳಗೆ ಮೇಜು ಸಿಗದಿದ್ದರೆ ಗೇರುಬೀಜದ ಕಾರ್ಖಾನೆಗೆ ಹೋಗುವುದೆಂದು ಮನೆಯಲ್ಲಿ ಹೇಳಿಯಾಗಿತ್ತು.

ಬೋಟುಗಳನ್ನೆಲ್ಲ ದಡದಲ್ಲಿ ಕಟ್ಟಿಟ್ಟ ಜೂನ್ ತಿಂಗಳು. ಮರವಂತೆಯ ಮೀನುಗಾರರೊಬ್ಬರು ಟಿ.ವಿ.ಗೆ ಜೋಡಿಸಿ ಗೇಮ್ ಆಡುವ ಪೆಟ್ಟಿಗೆ ತಂದರು. ಹಡಗಿನಲ್ಲಿ ಕೆಲಸಕ್ಕಿದ್ದ ಅವರ ತಮ್ಮ ಪೆಟ್ಟಿಗೆಯನ್ನು ಜಪಾನಿನಲ್ಲಿ ಕೊಂಡಿದ್ದ, ಫುಟ್‌ಬಾಲ್ ಆಟದ ಡಿಸ್ಕನ್ನು ಅಮೆರಿಕದ ಬಂದರಿನಲ್ಲಿ. ಎರಡೂ ಅಸಲಿ. ಆಟ ಮಾತ್ರ ಶುರುವಾಗುತ್ತಿರಲಿಲ್ಲ. ಮಾವ ಲೆನ್ಸ್ ಒರೆಸಿದರು, ಮತ್ತೆ ಒರೆಸಿದರು, ಕೊನೆಗೆ ತೀರ್ಪು ಕೊಟ್ಟರು: "ಲೆನ್ಸ್ ಹೋಯ್ತ್. ಉಪ್ಪುಗಾಳಿ."

ಅವರು ಊಟಕ್ಕೆ ಹೋದಾಗ ನಾನು ಅದಕ್ಕೆ ಹಾಡಿನ ಸಿ.ಡಿ. ಹಾಕಿದೆ. ಸೊಗಸಾಗಿ ಹಾಡಿತು. ಹಾಡು ಓದುವ ಲೆನ್ಸಿಗೆ ಆಟ ಓದಲು ಏನು ದಾಡಿ?

"ಮಾವ, ಇದ್ ಕೆಟ್ಟದ್ದಲ್ಲ. ಡಿಸ್ಕನ್ನ ಬ್ಯಾಡ ಅಂಬ್ದ್" ಎಂದೆ. ಅವರು ನಕ್ಕರು.

ಮುಂಬೈಯಲ್ಲಿ ಬಿಡಿಭಾಗ ಮಾರುವ ಹೆಮ್ಮಾಡಿಯ ಒಬ್ಬರಿಗೆ ಫೋನ್ ಮಾಡಿದೆ. ಅವರು ಗುಟ್ಟು ಬಿಡಿಸಿದರು. ಅಸಲಿ ಡಿಸ್ಕಿನ ಒಳಅಂಚಿನ ಗೆರೆ ಸಣ್ಣದಾಗಿ ಅಲುಗಾಡುತ್ತಾ ಸಾಗುತ್ತದೆ. ಆ ಅಲುಗಾಟದಲ್ಲಿ ನಾಲ್ಕು ಅಕ್ಷರ ಅಡಗಿವೆ. ಪೆಟ್ಟಿಗೆ ಮೊದಲು ಅವನ್ನೇ ಓದುವುದು. ತನ್ನ ದೇಶದ ಅಕ್ಷರವಾದರೆ ಆಟ, ಇಲ್ಲವಾದರೆ ಇಲ್ಲ; ಈ ಜಪಾನಿನ ಪೆಟ್ಟಿಗೆಗೆ ಸಿಕ್ಕಿದ್ದು ಅಮೆರಿಕದ ಅಕ್ಷರ. ಮನೆಯಲ್ಲಿ ನಕಲು ಮಾಡಿದ ಡಿಸ್ಕಿಗೂ ಇದೇ ಗತಿ: ಆಟವೆಲ್ಲ ನಕಲಾಗುತ್ತದೆ, ಅಲುಗಾಟ ಆಗುವುದಿಲ್ಲ. ಪೆಟ್ಟಿಗೆಯೊಳಗೆ ಮಾಡ್‌ಚಿಪ್ ಎಂಬ ಪುಟ್ಟ ಚಿಪ್ ಬೆಸೆದರೆ ಅದು ಡಿಸ್ಕಿನ ಪರವಾಗಿ ಸರಿಯಾದ ಅಕ್ಷರ ಹೇಳುತ್ತದೆ, ಕ್ಲಾಸಿಗೆ ಬಾರದವಳ ಹಾಜರಿಗೆ ಗೆಳತಿ ಓಗೊಟ್ಟ ಹಾಗೆ.

ಅವರು ಕಳಿಸಿದ ಚಿಪ್ ಮುಂಬೈ ಬಸ್ಸಿನಲ್ಲಿ ಬಂತು. ಮಾವ ಕೈಕಟ್ಟಿ ನಿಂತರು. "ಹಾಳಾರೆ ನಂಗೆ ಗೊತ್ತಿಲ್ಲೆ" ಎಂದು ಗಿರಾಕಿಗೆ ಕೇಳುವಂತೆಯೇ ಹೇಳಿದರು.

"ಮಾಡ್ಲಿ ಮಾರಾಯ್ರೆ. ಹ್ಯಾಂಗೂ ಹೋದ್ದಲ್ದಾ" ಎಂದರು ಮರವಂತೆಯವರು.

ಕೂದಲೆಳೆಯಂಥ ತಂತಿಗಳು. ಉಸಿರು ಬಿಗಿಹಿಡಿದು ಒಂದೊಂದನ್ನೇ ಬೆಸೆದೆ. ಗುಂಡಿ ಒತ್ತಿದೆ. ಟಿ.ವಿ. ಕಪ್ಪಾಯಿತು, ಕಪ್ಪಾಗಿಯೇ ಇತ್ತು. ಆಮೇಲೆ ಹಸಿರು ಮೈದಾನ, ಜನರ ಗದ್ದಲ. ಮರವಂತೆಯವರು ಅಲ್ಲೇ ನೆಲದಲ್ಲಿ ಚಕ್ಕಳಮಕ್ಕಳ ಹಾಕಿ ಆಡತೊಡಗಿದರು. ಕುಣಿಯಬೇಕೆನಿಸಿತು ನನಗೆ. ಅಷ್ಟು ಖುಷಿ.

"ಎರಡ್ ದಿನ ಓಡ್ಲಿ, ಕಾಂಬ" ಎಂದರು ಮಾವ.

ಅದು ಮಳೆಗಾಲವಿಡೀ ಓಡಿತು. ಬೋಟು ಇಳಿಸುವ ಮೊದಲು ಗಂಗೊಳ್ಳಿಯ ಇಬ್ಬರು ಅಂಥದೇ ಪೆಟ್ಟಿಗೆ ಹಿಡಿದು ಬಂದರು. ನಾನು ಒಳಗೆ ಬುತ್ತಿ ಪಾತ್ರೆ ತೊಳೆಯುತ್ತಿದ್ದೆ. ರಿಪೇರಿ ಮೇಜಿನ ಮುಂದೆ ಕೂತಿದ್ದ ಮಾವ ಕೈ ಚಾಚಿದರು. ಬಂದವರು ಪೆಟ್ಟಿಗೆ ಕೊಡಲಿಲ್ಲ.

"ಆ ಹೆಣ್ ಇಲ್ಯಾ? ಇಲ್ದಿರೆ ನಾಳೆ ಬತ್ತೊ."

ಮಾವ ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡರು. ಆಮೇಲೆ ಎದ್ದು ಜಾಗ ಬಿಟ್ಟರು. ನಾನು ಒದ್ದೆ ಕೈ ಸೆರಗಿಗೆ ಒರೆಸಿಕೊಂಡು ಬಂದು ಕೂತೆ.